ಬಿಲ್ ಏರಿತು, ಕರೆಂಟ್ ಉಳಿಯಿತು: ಒಂದು ಹಾಲಿನ ಡೇರಿಯ ರಿಗ್ರೆಶನ್ ಲೆಕ್ಕ

ಕರೆಂಟ್ ಮೀಟರ್ ಖರ್ಚಾದದ್ದನ್ನು ಅಳೆಯುತ್ತದೆ. ಉಳಿದದ್ದನ್ನು ಅಳೆಯುವ ಮೀಟರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೊಸ ಮೋಟಾರು, ಹೊಸ ಕಂಡೆನ್ಸರ್ ಹಾಕಿದ ಮೇಲೆ ಎಷ್ಟು ಯೂನಿಟ್ ಉಳಿಯಿತು ಎಂದು ಹೇಳಬೇಕಾದರೆ, ಅವನ್ನು ಹಾಕದೇ ಇದ್ದಿದ್ದರೆ ಎಷ್ಟು ಖರ್ಚಾಗುತ್ತಿತ್ತು ಎಂದು ಮೊದಲು ಹೇಳಬೇಕು. ಹಾಗೆ ನಡೆಯದೇ ಹೋದ ಒಂದು ವರ್ಷದ ಬಿಲ್ಲನ್ನು ಬರೆಯುವುದೇ ನನ್ನ ಕೆಲಸದ ತಿರುಳು. ಅದಕ್ಕೆ ಇರುವ ನಂಬಿಕಸ್ಥ ಸಾಧನ ರಿಗ್ರೆಶನ್, ಅಂದರೆ ಹಳೆಯ ಅಂಕಿಗಳಿಗೆ ಹೊಂದುವ ಸೂತ್ರ ಹುಡುಕುವ ಲೆಕ್ಕ.

ನಾನು ಎನರ್ಜಿ ಆಡಿಟರ್. 2001ರ ಇಂಧನ ಸಂರಕ್ಷಣಾ ಕಾಯ್ದೆ ಬಂದು, ಮರುವರ್ಷ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ ಶುರುವಾದ ಮೇಲೆ ನಮ್ಮ ದೇಶದಲ್ಲಿ ಇದಕ್ಕೊಂದು ಪರೀಕ್ಷೆ, ಒಂದು ಪ್ರಮಾಣಪತ್ರ ಎಂದೆಲ್ಲ ಆಯಿತು. ಇಲ್ಲಿ ಹೇಳುತ್ತಿರುವುದು ಮಧ್ಯ ಕರ್ನಾಟಕದ ಒಂದು ಹಾಲಿನ ಡೇರಿಯಲ್ಲಿ ಮಾಡಿದ ಲೆಕ್ಕ. ಡೇರಿಯ ಗುರುತು ಸಿಗಬಾರದೆಂದು ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ, ಓದುವವರು ಕೂಡಿ ಕಳೆದು ನೋಡಲು ಸುಲಭವಾಗಲೆಂದು ದುಂಡಗೂ ಮಾಡಿದ್ದೇನೆ. ಲೆಕ್ಕದ ನಡೆ ಮಾತ್ರ ಇದ್ದಂತೆಯೇ ಇದೆ.

ಡೇರಿಯವರು ಒಂದು ಇಂಧನ ಸೇವಾ ಕಂಪನಿಯೊಂದಿಗೆ ಒಪ್ಪಂದಕ್ಕೆ ಹೊರಟಿದ್ದರು. ಕಂಪನಿ ತನ್ನ ದುಡ್ಡು ಹಾಕಿ ಹಾಲು ತಂಪು ಮಾಡುವ ಅಮೋನಿಯಾ ಕಂಪ್ರೆಸರಿಗೆ ವೇಗ ನಿಯಂತ್ರಿಸುವ ಡ್ರೈವ್ ಕೂಡಿಸುತ್ತದೆ, ಶಾಖ ಹೊರಹಾಕುವ ಹಳೆಯ ಕಂಡೆನ್ಸರ್ ಬದಲಿಸುತ್ತದೆ, ತಣ್ಣೀರಿನ ಪೈಪುಗಳ ಮೇಲಿನ ಹರಿದುಹೋದ ಹೊದಿಕೆಯನ್ನು ಹೊಸದಾಗಿ ಸುತ್ತಿಸುತ್ತದೆ. ಉಳಿದ ಕರೆಂಟಿನ ಹಣದಲ್ಲಿ ಕೆಲವು ವರ್ಷ ಪಾಲು ತೆಗೆದುಕೊಳ್ಳುತ್ತದೆ. ಇಲ್ಲಿ ‘ಉಳಿದ ಕರೆಂಟು’ ಎಂಬ ಎರಡು ಪದದ ಮೇಲೆ ಲಕ್ಷಾಂತರ ರೂಪಾಯಿ ನಿಂತಿರುತ್ತದೆ. ಅಳೆಯುವ ರೀತಿ ಕೆಲಸ ಶುರುವಾಗುವ ಮೊದಲೇ ಎರಡೂ ಕಡೆಯವರಿಗೆ ಒಪ್ಪಿಗೆಯಾಗಿರದಿದ್ದರೆ ಮುಂದೆ ಜಗಳ ತಪ್ಪುವುದಿಲ್ಲ. ಐಪಿಎಂವಿಪಿ ಎಂಬ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಇದಕ್ಕೆ ನಾಲ್ಕು ದಾರಿಗಳಿವೆ. ಇಡೀ ಸ್ಥಾವರದ ಮೀಟರನ್ನೇ ಹಿಡಿದು ಲೆಕ್ಕ ಹಾಕುವ ‘ಸಿ’ ದಾರಿಯನ್ನು ನಾವು ಆರಿಸಿದೆವು. ಬಿಲ್ ಬರುವುದು ಆ ಮೀಟರಿಗೇ, ಡೇರಿಯವರು ನಂಬುವುದೂ ಆ ಬಿಲ್ಲನ್ನೇ.

ಮೊದಲ ಕೆಲಸ ಕಾಗದ ಕೂಡಿಸುವುದು. 2021ರ ಜುಲೈಯಿಂದ 2023ರ ಜೂನ್‌ವರೆಗಿನ 24 ತಿಂಗಳನ್ನು ಅಡಿಪಾಯದ ಅವಧಿ ಎಂದು ಇಟ್ಟುಕೊಂಡೆ. ಅದಕ್ಕೂ ಹಿಂದಿನ ಲಾಕ್‌ಡೌನ್ ತಿಂಗಳುಗಳನ್ನು ಬೇಕೆಂದೇ ಬಿಟ್ಟೆ. ಹೋಟೆಲು, ಮದುವೆ ಮನೆ ಎಲ್ಲ ಮುಚ್ಚಿ ಹಾಲು ಮಾರಾಟವಾಗದೆ ಸೈಲೋ ಎಂಬ ದೊಡ್ಡ ಟ್ಯಾಂಕುಗಳಲ್ಲಿ ನಿಂತ ಆ ದಿನಗಳು ಡೇರಿಯ ಸಹಜ ನಡೆಯನ್ನು ಹೇಳುವುದಿಲ್ಲ. ಬಿಲ್ಲುಗಳು ಸುಲಭವಾಗಿ ಸಿಕ್ಕವು. ಆದರೆ ಬಿಲ್ಲಿನಲ್ಲಿರುವುದು ಡೇರಿ ಬಳಸಿದ ಪೂರ್ತಿ ಕರೆಂಟ್ ಅಲ್ಲ. ಲೈನ್ ಹೋದಾಗ ಓಡುವ ಜನರೇಟರ್ ಕೊಟ್ಟ ಯೂನಿಟ್ಟುಗಳು ಅದರ ಲಾಗ್‌ಬುಕ್ಕಿನಲ್ಲಿರುತ್ತವೆ, ಅವನ್ನು ಕೂಡಿಸಬೇಕು. ಕೂಡಿಸದಿದ್ದರೆ ಹೆಚ್ಚು ಪವರ್ ಕಟ್ ಆದ ತಿಂಗಳಲ್ಲಿ ಡೇರಿ ಬಹಳ ಉಳಿಸಿದಂತೆ ಕಾಣುತ್ತದೆ! ರೀಡಿಂಗ್ ತೆಗೆದ ತಾರೀಖನ್ನೂ ನೋಡಿಕೊಳ್ಳಬೇಕು. 29 ದಿನದ ಬಿಲ್ಲನ್ನು 32 ದಿನದ ಬಿಲ್ಲಿನ ಪಕ್ಕದಲ್ಲಿ ಹಾಗೇ ಇಡುವಂತಿಲ್ಲ. ಹಾಲಿನ ಲೆಕ್ಕ ಬೆಳಗಿನ ಶಿಫ್ಟು, ಸಂಜೆಯ ಶಿಫ್ಟು ಎಂದು ದಿನದಿನವೂ ಬರೆದಿಟ್ಟದ್ದಿತ್ತು. ತಾಪಮಾನವನ್ನು ಹತ್ತಿರದ ಹವಾಮಾನ ಕೇಂದ್ರದ ದಾಖಲೆಯಿಂದ ತೆಗೆದುಕೊಂಡೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನು ಇಟ್ಟಿರುವುದು ನಮ್ಮಂಥವರಿಗೆ ದೊಡ್ಡ ಉಪಕಾರ.

ಯಾವ ಸೂತ್ರಕ್ಕೂ ಕೈ ಹಾಕುವ ಮುನ್ನ ಚುಕ್ಕಿಚಿತ್ರ ಬಿಡಿಸುವುದು ನನ್ನ ರೂಢಿ. ಅಡ್ಡಕ್ಕೆ ತಿಂಗಳ ಹಾಲು, ಉದ್ದಕ್ಕೆ ತಿಂಗಳ ಯೂನಿಟ್ಟು. ಹಾಲು ಹೆಚ್ಚಾದರೆ ಕರೆಂಟ್ ಹೆಚ್ಚಬೇಕು, ಅದರಲ್ಲಿ ಅನುಮಾನವೇನಿದೆ ಎಂದು ಡೇರಿಯ ಮ್ಯಾನೇಜರ್ ಪಕ್ಕದಲ್ಲೇ ಕುಳಿತು ನೋಡುತ್ತಿದ್ದರು. ಚುಕ್ಕಿಗಳ ನಡುವೆ ಎಳೆದ ಗೆರೆ ಕೆಳಮುಖವಾಗಿತ್ತು. ಆ ಗೆರೆಯನ್ನು ನಂಬಿದರೆ, ಹೆಚ್ಚು ಹಾಲು ಬಂದಷ್ಟೂ ಡೇರಿ ಕಡಿಮೆ ಕರೆಂಟ್ ಬಳಸುತ್ತದೆ ಎನ್ನಬೇಕಾಗುತ್ತದೆ.

ಗೆರೆ ಸುಳ್ಳು ಹೇಳುತ್ತಿರಲಿಲ್ಲ, ಅರ್ಧ ಮಾತ್ರ ಹೇಳುತ್ತಿತ್ತು. ನಮ್ಮ ಕಡೆ ಮಳೆ ಬಿದ್ದು ಹಸಿ ಮೇವು ಎದ್ದ ಮೇಲೆ ಹಾಲು ಏರುತ್ತದೆ. ಜೂನ್ ಕಳೆದರೆ ಕ್ಯಾನುಗಳು ತುಂಬಿ ಬರುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಮೇವು ಒಣಗಿ, ಹಸುವಿಗೆ ಸೆಕೆ ಹತ್ತಿ ಹಾಲು ಇಳಿಯುತ್ತದೆ. ಕಂಪ್ರೆಸರ್ ಏದುಸಿರು ಬಿಡುವುದು ಅದೇ ಏಪ್ರಿಲ್‌ನಲ್ಲಿ. ಹಾಲು ಹೆಚ್ಚಿರುವಾಗ ತಂಪು, ಹಾಲು ಕಡಿಮೆಯಿರುವಾಗ ಬಿಸಿಲು. ಎರಡು ಕಾರಣಗಳು ಒಂದಕ್ಕೊಂದು ಎದುರು ದಿಕ್ಕಿಗೆ ಎಳೆಯುತ್ತಿರುವಾಗ ಒಂದನ್ನು ಮಾತ್ರ ನೋಡಿದರೆ, ಇನ್ನೊಂದರ ಪರಿಣಾಮವೂ ಅದರ ತಲೆಗೇ ಬಂದು ಕೂರುತ್ತದೆ. ಬೇರೆ ಎಷ್ಟೋ ಕಡೆಗಳಲ್ಲಿ ‘ಲೀಟರಿಗೆ ಇಷ್ಟು ಯೂನಿಟ್’ ಎಂಬ ಒಂದೇ ಸಂಖ್ಯೆಯಿಂದ ಕಾರ್ಖಾನೆಯ ಜಾಣತನವನ್ನು ಅಳೆಯುತ್ತಾರೆ. ಆ ಸಂಖ್ಯೆ ಮಳೆಗಾಲದಲ್ಲಿ ತಾನಾಗಿ ಇಳಿಯುತ್ತದೆ, ಬೇಸಿಗೆಯಲ್ಲಿ ತಾನಾಗಿ ಏರುತ್ತದೆ. ಅದನ್ನು ಹಿಡಿದುಕೊಂಡು ಸೆಪ್ಟೆಂಬರ್‌ನಲ್ಲಿ ಸಿಬ್ಬಂದಿಯನ್ನು ಹೊಗಳುವುದೂ ತಪ್ಪು, ಏಪ್ರಿಲ್‌ನಲ್ಲಿ ಬೈಯುವುದೂ ತಪ್ಪು.

ಹಾಲು ಮತ್ತು ತಾಪಮಾನ ಎರಡನ್ನೂ ಒಟ್ಟಿಗೆ ಸೂತ್ರದೊಳಗೆ ತಂದೆ. ಎಕ್ಸೆಲ್‌ನಲ್ಲೇ ಆಗುವ ಕೆಲಸ, ಇದಕ್ಕೆ ದೊಡ್ಡ ತಂತ್ರಾಂಶ ಬೇಕಿಲ್ಲ. ರಿಗ್ರೆಶನ್ ಮಾಡುವುದು ಇಷ್ಟೇ: ಸೂತ್ರ ಹೇಳಿದ ಯೂನಿಟ್ಟಿಗೂ ನಿಜವಾಗಿ ಆದ ಯೂನಿಟ್ಟಿಗೂ ಇರುವ ವ್ಯತ್ಯಾಸವನ್ನು ಪ್ರತಿ ತಿಂಗಳಿಗೂ ತೆಗೆದು, ಅದರ ವರ್ಗ ಮಾಡಿ, ಎಲ್ಲವನ್ನೂ ಕೂಡಿ, ಆ ಮೊತ್ತ ಅತಿ ಕಡಿಮೆಯಾಗುವ ಗುಣಕಗಳನ್ನು ಹುಡುಕಿ ಕೊಡುತ್ತದೆ. ಮುಂದೆ ಹೇಳುವ ಒಂದು ತಿದ್ದುಪಡಿಯಾದ ಮೇಲೆ ಬಂದ ಸೂತ್ರ ಹೀಗಿತ್ತು: ತಿಂಗಳ ಯೂನಿಟ್ ಎಂದರೆ 70,000, ಅದರ ಮೇಲೆ ಪ್ರತಿ ಸಾವಿರ ಲೀಟರ್ ಹಾಲಿಗೆ 20, ಅದರ ಮೇಲೆ ತಿಂಗಳ ಸರಾಸರಿ ತಾಪಮಾನ 20 ಡಿಗ್ರಿಯಿಂದ ಮೇಲೆ ಹೋದ ಪ್ರತಿ ಡಿಗ್ರಿಗೆ 5,000.

ಈ 20 ಡಿಗ್ರಿಯ ಬಗ್ಗೆ ಒಂದು ಮಾತು. ಪಾಶ್ಚಾತ್ಯ ಕೈಪಿಡಿಗಳಲ್ಲಿ ‘ಕೂಲಿಂಗ್ ಡಿಗ್ರಿ ಡೇ’ ಎಂಬ ಅಳತೆ ಬರುತ್ತದೆ. ಹೊರಗಿನ ತಾಪ ಒಂದು ಮಟ್ಟಕ್ಕಿಂತ, ಸಾಮಾನ್ಯವಾಗಿ 18 ಡಿಗ್ರಿಯ ಆಸುಪಾಸಿಗಿಂತ, ಎಷ್ಟು ಮೇಲೆ ಹೋಯಿತು ಎಂದು ದಿನದಿನವೂ ಕೂಡಿಸುತ್ತಾ ಹೋಗುವುದು. ಹಿಮ ಬೀಳುವ ಊರಿನಲ್ಲಿ ಆ ಮಟ್ಟದ ಕೆಳಗೆ ತಂಪು ಮಾಡುವ ಯಂತ್ರ ನಿಂತೇ ಹೋಗುತ್ತದೆ, ಹೀಗಾಗಿ ಗೆರೆ ಅಲ್ಲಿ ಮೊಣಕೈಯಂತೆ ಬಾಗುತ್ತದೆ, ಆ ಬಾಗನ್ನು ಹಿಡಿಯುವುದೇ ಅಲ್ಲಿನ ಕುಶಲತೆ. ನಮ್ಮ ಬಯಲುಸೀಮೆಯಲ್ಲಿ ಡಿಸೆಂಬರ್ ತಿಂಗಳ ಸರಾಸರಿಯೂ 18ರ ಮೇಲೆಯೇ ಇರುತ್ತದೆ. ಬಾಗೇ ಇಲ್ಲದ ಕಡೆ ಬಾಗು ಹುಡುಕುವುದರಲ್ಲಿ ಅರ್ಥವಿಲ್ಲ. 15 ಇಟ್ಟರೂ 20 ಇಟ್ಟರೂ ಇಳಿಜಾರು ಅದೇ ಬರುತ್ತದೆ, ಸ್ಥಿರಸಂಖ್ಯೆ ಮಾತ್ರ ಬದಲಾಗುತ್ತದೆ. ಕಂಡೆನ್ಸರಿಗೆ ನೀರು ಸುರಿದು ತಂಪು ಮಾಡುವುದರಿಂದ ಗಾಳಿಯ ತೇವವನ್ನೂ ಲೆಕ್ಕಕ್ಕೆ ತರುವ ವೆಟ್ ಬಲ್ಬ್ ತಾಪಮಾನವೇ ಭೌತಶಾಸ್ತ್ರದ ಪ್ರಕಾರ ಹೆಚ್ಚು ಸರಿ. ಅದನ್ನೂ ಹಾಕಿ ನೋಡಿದೆ. ತಿಂಗಳ ಸರಾಸರಿಯ ಮಟ್ಟದಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಡೇರಿಯ ಲೆಕ್ಕ ವಿಭಾಗದವರು ತಾವೇ ಪರಿಶೀಲಿಸಬಹುದಾದ ಸರಳ ತಾಪಮಾನವನ್ನೇ ಉಳಿಸಿಕೊಂಡೆ.

ಗುಣಕಗಳು ಬಂದ ಮೇಲೆ ಅವು ಯಂತ್ರದ ಜೊತೆ ಹೊಂದುತ್ತವೆಯೇ ಎಂದು ನೋಡದೆ ಮುಂದೆ ಹೋಗಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಾವಿರ ಲೀಟರ್ ಹಾಲನ್ನು 30 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಸುಮಾರು 29 ಯೂನಿಟ್‌ನಷ್ಟು ಶಾಖವನ್ನು ಹೊರಗೆ ಹಾಕಬೇಕು. ಕಂಪ್ರೆಸರ್ ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಡಿಮೆ ಮೂರು ಯೂನಿಟ್ ಶಾಖವನ್ನು ಹೊರಹಾಕುತ್ತದೆ ಎಂದರೆ ಬರೀ ತಂಪು ಮಾಡಲು ಹತ್ತು ಯೂನಿಟ್ ಬೇಕು. ಹಳ್ಳಿಯ ಬಿಎಂಸಿಯಲ್ಲೇ, ಅಂದರೆ ಹಾಲು ತಂಪು ಮಾಡುವ ದೊಡ್ಡ ತೊಟ್ಟಿಯಲ್ಲೇ, ತಣ್ಣಗಾಗಿ ಟ್ಯಾಂಕರಿನಲ್ಲಿ ಬರುವ ಹಾಲಿಗೆ ಇಷ್ಟು ಬೇಡ. ಆದರೆ ಅದನ್ನೂ ಪಾಶ್ಚರೀಕರಣಕ್ಕೆ 72 ಡಿಗ್ರಿಗೆ ಏರಿಸಿ, 15 ಸೆಕೆಂಡ್ ಹಿಡಿದು ಮತ್ತೆ ಇಳಿಸಬೇಕು. ಒಳಹೋಗುವ ತಣ್ಣನೆ ಹಾಲಿಗೂ ಹೊರಬರುವ ಬಿಸಿ ಹಾಲಿಗೂ ಶಾಖ ವಿನಿಮಯ ಮಾಡಿಸಿ ಬಹುಪಾಲು ಉಳಿಸುತ್ತಾರೆ, ಮಿಕ್ಕದ್ದು ಕಂಪ್ರೆಸರಿನ ಪಾಲು. ಅದರ ಮೇಲೆ ಪಂಪು, ಹೋಮೋಜಿನೈಸರ್, ಪ್ಯಾಕಿಂಗ್ ಯಂತ್ರ ಇವೆಲ್ಲವನ್ನೂ ಸೇರಿಸಿದರೆ ಸಾವಿರ ಲೀಟರಿಗೆ 20 ಯೂನಿಟ್ ನಂಬಬಹುದಾದ ಸಂಖ್ಯೆ. ಒಂದು ವೇಳೆ 3 ಎಂದೋ 90 ಎಂದೋ ಬಂದಿದ್ದರೆ, ಹೊಂದಿಕೆ ಎಷ್ಟೇ ಚೆನ್ನಾಗಿರಲಿ, ಆ ಸೂತ್ರವನ್ನು ಬದಿಗಿಡುತ್ತಿದ್ದೆ. 70,000ದ ಬಗ್ಗೆಯೂ ಹುಷಾರಾಗಿರಬೇಕು. ಕೋಲ್ಡ್ ಸ್ಟೋರು, ಕೊಳಚೆ ನೀರಿನ ಘಟಕದ ಏರೇಟರ್, ದೀಪ, ಸದಾ ತಿರುಗುವ ಕಡೆಗೋಲುಗಳು ಎಂದು ಅದಕ್ಕೆ ಅರ್ಥ ಹಚ್ಚಬಹುದು. ಆದರೆ ಹಾಲೇ ಬಾರದ ಡೇರಿಯನ್ನು ಯಾರೂ ಕಂಡಿಲ್ಲ. ಅದು ಗೆರೆಯನ್ನು ಸೊನ್ನೆಯವರೆಗೆ ಹಿಗ್ಗಿಸಿದಾಗ ಸಿಕ್ಕ ಸಂಖ್ಯೆ, ಅಷ್ಟೇ.

ಇನ್ನು ಆ ತಿದ್ದುಪಡಿಯ ವಿಷಯ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ ಅದು. ಮೊದಲ ಸುತ್ತಿನಲ್ಲಿ ಸೂತ್ರದ ಸರಾಸರಿ ತಪ್ಪು ತಿಂಗಳಿಗೆ 11,000 ಯೂನಿಟ್ ಇತ್ತು. ಶೇಷಗಳನ್ನು, ಅಂದರೆ ನಿಜದಿಂದ ಅಂದಾಜನ್ನು ಕಳೆದು ಉಳಿದದ್ದನ್ನು, ತಿಂಗಳ ಕ್ರಮದಲ್ಲಿ ಜೋಡಿಸಿದಾಗ ಎರಡೂ ವರ್ಷಗಳ ಮಳೆಗಾಲದ ಕೆಲವು ತಿಂಗಳುಗಳು ಒಟ್ಟಾಗಿ ಮೇಲೆದ್ದು ನಿಂತಿದ್ದವು. ಬಿಡಿ ಚುಕ್ಕಿಯಾದರೆ ಯಾವುದೋ ಆಕಸ್ಮಿಕ ಎನ್ನಬಹುದು. ಗುಂಪಾಗಿ ಎದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ತಿಂಗಳುಗಳಿಗೆ 1, ಉಳಿದವಕ್ಕೆ 0 ಎಂದು ಒಂದು ಡಮ್ಮಿ ಅಂಕಣ ಹಾಕಿದ್ದರೆ ಹೊಂದಿಕೆ ತಕ್ಷಣ ಚೆಂದವಾಗುತ್ತಿತ್ತು. ಕಾರಣ ತಿಳಿಯದೆ ಹಾಗೆ ಹಾಕುವುದು ನನಗೆ ಇಷ್ಟವಿಲ್ಲ. ಮುಂದಿನ ಮಳೆಗಾಲಕ್ಕೆ 1 ಹಾಕಬೇಕೋ 0 ಹಾಕಬೇಕೋ ಎಂದು ಯಾರಿಗೆ ಗೊತ್ತು?

ಗ್ರಾಫನ್ನು ಹಿಡಿದು ಕಂಪ್ರೆಸರ್ ರೂಮಿಗೆ ಹೋದೆ. ಅಲ್ಲಿನ ಹಿರಿಯ ಆಪರೇಟರ್ ಮೂವತ್ತು ವರ್ಷ ಅಮೋನಿಯಾದ ವಾಸನೆಯಲ್ಲೇ ಕಳೆದವರು.

“ಅಣ್ಣಾ, ಈ ತಿಂಗಳುಗಳಲ್ಲಿ ಮಿಷನ್ನು ಜಾಸ್ತಿ ಓಡಿದೆ. ಹಾಲಿನ ಲೆಕ್ಕ ನೋಡಿದ್ರೆ ಅಷ್ಟು ಓಡಬಾರದು. ಏನಾದ್ರೂ ನೆನಪಿದೆಯಾ?”

ಅವರು ಕನ್ನಡಕ ಏರಿಸಿಕೊಂಡು ತಿಂಗಳುಗಳನ್ನು ನೋಡಿದರು. “ಓ, ಇದಾ ಮೇಡಂ? ಆಗ ಪಕ್ಕದ ಜಿಲ್ಲೆ ಟ್ಯಾಂಕರ್‌ಗಳು ಬರ್ತಿದ್ವಲ್ಲ. ಪೌಡರ್ ಪ್ಲಾಂಟ್‌ನಾಗೆ ಕ್ಯೂ ಇತ್ತು. ಎರಡು ದಿನ, ಮೂರು ದಿನ ಇಲ್ಲೇ ಸೈಲೋಗೆ ಹಾಕ್ಕೊಂಡು ತಂಪು ಮಾಡಿ ಆಮೇಲೆ ಕಳಿಸ್ತಿದ್ವಿ. ಅದು ನಮ್ಮ ಸೊಸೈಟಿ ಹಾಲಲ್ಲ, ಅದಕ್ಕೆ ನಮ್ಮ ಪುಸ್ತಕದಾಗೆ ಬರಲ್ಲ.”

ಸಂಗ್ರಹದ ಪುಸ್ತಕದಲ್ಲಿ ಬರದ ಆ ಹಾಲು ಗೇಟಿನ ರಿಜಿಸ್ಟರಿನಲ್ಲಿತ್ತು, ಲ್ಯಾಬಿನ ಪುಸ್ತಕದಲ್ಲೂ ಇತ್ತು. ಎರಡನ್ನೂ ತಾಳೆ ನೋಡಿ, ‘ಸಂಗ್ರಹವಾದ ಹಾಲು’ ಎಂಬ ಅಂಕಣದ ಬದಲು ‘ತಂಪು ಮಾಡಿದ ಹಾಲು’ ಎಂಬ ಅಂಕಣ ಮಾಡಿದೆ. ಸರಾಸರಿ ತಪ್ಪು 8,000ಕ್ಕೆ ಇಳಿಯಿತು. ಶೇಷಗಳ ಗುಂಪು ಚದುರಿತು. ಸೂತ್ರಕ್ಕೆ ಒಂದೂ ಹೊಸ ಗುಣಕ ಸೇರಿಸದೆ ಸಿಕ್ಕ ಸುಧಾರಣೆ ಇದು. 24 ಚುಕ್ಕಿಗಳಿರುವ ಕಡೆ ಅಂಕಣಗಳನ್ನು ಸೇರಿಸುತ್ತಾ ಹೋದರೆ ಹೊಂದಿಕೆ ಹೇಗೂ ಏರುತ್ತದೆ, ಆದರೆ ಅದು ಹಳೆಯ ತಿಂಗಳುಗಳನ್ನು ಬಾಯಿಪಾಠ ಮಾಡಿದ ಹಾಗೆ. ಹೊಸ ತಿಂಗಳು ಬಂದಾಗ ಕೈಕೊಡುತ್ತದೆ.

ಎಲ್ಲರೂ ಕೇಳುವ ಪ್ರಶ್ನೆ “ಆರ್-ಸ್ಕ್ವೇರ್ ಎಷ್ಟು?” ಎನ್ನುವುದು. ತಿಂಗಳಿಂದ ತಿಂಗಳಿಗಾದ ಏರಿಳಿತದಲ್ಲಿ ಎಷ್ಟು ಪಾಲನ್ನು ಸೂತ್ರ ವಿವರಿಸುತ್ತದೆ ಎನ್ನುವ ಅಳತೆ ಅದು. ನಾನು ಅದಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ. ವರ್ಷವಿಡೀ ಒಂದೇ ಹದದಲ್ಲಿ ನಡೆಯುವ ಕಾರ್ಖಾನೆಯಲ್ಲಿ ವಿವರಿಸಲು ಏರಿಳಿತವೇ ಇರುವುದಿಲ್ಲ, ಆರ್-ಸ್ಕ್ವೇರ್ ತೀರಾ ಕಡಿಮೆ ಬರುತ್ತದೆ, ಆದರೂ ಅಂದಾಜು ನಿಖರವಾಗಿರುತ್ತದೆ. ತಪ್ಪು ಸರಾಸರಿ ಬಳಕೆಯ ಶೇಕಡಾ ಎಷ್ಟು ಎನ್ನುವುದು ಹೆಚ್ಚು ನೇರವಾದ ಅಳತೆ. ಅಮೆರಿಕದ ಆಶ್ರೇ ಸಂಸ್ಥೆಯ 14ನೇ ಮಾರ್ಗಸೂಚಿ ಕಟ್ಟಡಗಳ ಕಂಪ್ಯೂಟರ್ ಮಾದರಿಯ ತಿಂಗಳ ಲೆಕ್ಕಕ್ಕೆ ಇದು ಶೇಕಡಾ 15ರೊಳಗೆ ಇರಬೇಕು ಎನ್ನುತ್ತದೆ. ನಮ್ಮದು ಶೇಕಡಾ 4ರ ಆಸುಪಾಸು ಇತ್ತು.

ಸೂತ್ರಕ್ಕೆ ಸಹಿ ಹಾಕುವ ಸಭೆ ದೀರ್ಘವಾಗಿ ನಡೆಯಿತು. ಮೊಸರಿನ ಉತ್ಪಾದನೆಯನ್ನೂ ಒಂದು ಅಂಕಣವಾಗಿ ಸೇರಿಸಬೇಕೆಂದು ಕಂಪನಿಯ ಕಡೆಯವರು ಪಟ್ಟು ಹಿಡಿದರು. ಮೊಸರಿನ ಮಾರಾಟ ಮುಂದೆ ಏರುತ್ತದೆ, ಆಗ ಅಂದಾಜೂ ಏರಿ ಉಳಿತಾಯ ಹೆಚ್ಚು ಕಾಣುತ್ತದೆ ಎನ್ನುವ ಲೆಕ್ಕಾಚಾರ ಅವರದಿರಬಹುದು. ದಾಖಲೆಯಲ್ಲಿದ್ದ 24 ತಿಂಗಳಲ್ಲಿ ಮೊಸರಿನ ಗುಣಕ ಅದರದೇ ಅನಿಶ್ಚಿತತೆಗಿಂತ ಚಿಕ್ಕದಿತ್ತು, ಹಾಗಾಗಿ ಅದನ್ನು ಬಿಡುವುದಕ್ಕೆ ಒಪ್ಪಿಸಿದೆ. ಫಲಿತಾಂಶ ಕಂಡ ಮೇಲೆ ಅಂಕಣ ಆರಿಸುವ ಅವಕಾಶ ಯಾರಿಗೂ ಇರಬಾರದು. ಸೂತ್ರ, ತಾಪಮಾನದ ಮೂಲ, ಹಾಲನ್ನು ಎಣಿಸುವ ರಿಜಿಸ್ಟರು, ಹೊಸ ಯಂತ್ರ ಸೇರಿದರೆ ಏನು ಮಾಡುವುದು ಎಲ್ಲವನ್ನೂ ಬರೆದು ಸಹಿ ಹಾಕಿಸಿದ ಮೇಲೆಯೇ ಮೊದಲ ಬೋಲ್ಟ್ ಬಿಚ್ಚಿದ್ದು.

2023ರ ಅಕ್ಟೋಬರ್‌ನಿಂದ ಹೊಸ ವ್ಯವಸ್ಥೆ ಓಡತೊಡಗಿತು. ಏಪ್ರಿಲ್ ತಿಂಗಳ ಬಿಲ್ ಬಂದಾಗ ಲೆಕ್ಕ ವಿಭಾಗದ ಮುಖ್ಯಸ್ಥರು ಎರಡು ಹಾಳೆಗಳನ್ನು ಮೇಜಿನ ಮೇಲೆ ಇಟ್ಟರು. “ನೋಡಿ ಮೇಡಂ, ಹೋದ ಏಪ್ರಿಲ್ 1,95,000 ಯೂನಿಟ್. ಈ ಏಪ್ರಿಲ್ 1,98,000. ಮೂರು ಸಾವಿರ ಜಾಸ್ತಿ. ನಾನು ಇವರಿಗೆ ಪಾಲು ಕೊಡಬೇಕಂತೆ. ಬೋರ್ಡಿನ ಮುಂದೆ ಏನಂತ ಹೇಳ್ಲಿ?”

ಕೇಳಲೇಬೇಕಾದ ಪ್ರಶ್ನೆ ಅದು. ಅವರ ಎದುರಿಗೇ ಕ್ಯಾಲ್ಕುಲೇಟರ್ ಒತ್ತಿದೆ. ಹಿಂದಿನ ಏಪ್ರಿಲ್‌ನಲ್ಲಿ ಹಾಲು 42 ಲಕ್ಷ ಲೀಟರ್, ಸರಾಸರಿ ತಾಪ 28 ಡಿಗ್ರಿ. 70,000ಕ್ಕೆ ಹಾಲಿನದು 84,000, ಸೆಕೆಯದು 40,000 ಸೇರಿ 1,94,000. ಬಿಲ್ಲಿಗೆ ಸಾವಿರ ಯೂನಿಟ್ಟಿನ ವ್ಯತ್ಯಾಸ ಮಾತ್ರ. ಈ ಏಪ್ರಿಲ್‌ನಲ್ಲಿ ಹೊಸ ಸಂಘಗಳು ಸೇರಿ ಹಾಲು 48 ಲಕ್ಷಕ್ಕೆ ಏರಿತ್ತು. 2024ರ ಬೇಸಿಗೆಯ ಬಿಸಿಲು ಯಾರೂ ಮರೆಯುವಂಥದ್ದಲ್ಲ, ಸರಾಸರಿಯೇ 30 ಡಿಗ್ರಿ. 70,000, 96,000, 50,000 ಕೂಡಿದರೆ 2,16,000. ಹಳೆಯ ಯಂತ್ರಗಳೇ ಇದ್ದಿದ್ದರೆ ಬರುತ್ತಿದ್ದ ಬಿಲ್ ಅದು. ಬಂದದ್ದು 1,98,000. ಉಳಿದದ್ದು 18,000 ಯೂನಿಟ್.

ಅವರು ಕ್ಯಾಲ್ಕುಲೇಟರನ್ನು ತಮ್ಮ ಕಡೆಗೆ ಎಳೆದುಕೊಂಡು ಮತ್ತೆ ಲೆಕ್ಕ ಹಾಕಿದರು. ತಾವೇ ಹಾಕಿ ಅದೇ ಸಂಖ್ಯೆ ಬಂದ ಮೇಲೆ ಅವರು ಕೇಳಿದ ಪ್ರಶ್ನೆ ನನ್ನ ವೃತ್ತಿಯಲ್ಲಿ ಕೇಳಿದ ಒಳ್ಳೆಯ ಪ್ರಶ್ನೆಗಳಲ್ಲಿ ಒಂದು: “ನಿಮ್ಮ ಸೂತ್ರವೇ ಎಂಟು ಸಾವಿರ ಆಚೆಈಚೆ ಆಗತ್ತೆ ಅಂದ್ರಲ್ಲ, ಹಾಗಾದ್ರೆ ಈ ಹದಿನೆಂಟು ಸಾವಿರವನ್ನ ಎಷ್ಟು ನಂಬಬಹುದು?”

ಒಂದೇ ತಿಂಗಳಿನದಾದರೆ ಹೆಚ್ಚು ನಂಬುವಂತಿಲ್ಲ. ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಸರಿಯಾಗುವಷ್ಟು ಖಚಿತತೆ ಬೇಕೆಂದರೆ 8,000ವನ್ನು ಎರಡಕ್ಕಿಂತ ಸ್ವಲ್ಪ ಹೆಚ್ಚಿನಿಂದ ಗುಣಿಸಬೇಕು, ಸುಮಾರು 16,600 ಆಗುತ್ತದೆ. ಅಂದರೆ ಉಳಿತಾಯ ಒಂದೂವರೆ ಸಾವಿರವೂ ಇರಬಹುದು, ಮೂವತ್ತನಾಲ್ಕೂವರೆ ಸಾವಿರವೂ ಇರಬಹುದು. ಆದರೆ ತಿಂಗಳುಗಳು ಕೂಡುತ್ತಾ ಹೋದಂತೆ ಉಳಿತಾಯ ನೇರವಾಗಿ ಬೆಳೆಯುತ್ತದೆ, ತಪ್ಪುಗಳು ಒಂದನ್ನೊಂದು ಕಡಿಯುವುದರಿಂದ ತಿಂಗಳ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ ಮಾತ್ರ ಬೆಳೆಯುತ್ತವೆ. ಹನ್ನೆರಡು ತಿಂಗಳಿಗೆ ಉಳಿತಾಯ ಹನ್ನೆರಡು ಪಟ್ಟು, ಅನಿಶ್ಚಿತತೆ ಮೂರೂವರೆ ಪಟ್ಟು, ಅಂದರೆ 58,000ದ ಆಸುಪಾಸು. ಗುಣಕಗಳಲ್ಲೇ ಇರುವ ಅನುಮಾನ, ಒಂದು ತಿಂಗಳ ತಪ್ಪು ಮುಂದಿನ ತಿಂಗಳಿಗೂ ಸ್ವಲ್ಪ ಅಂಟಿಕೊಳ್ಳುವ ಗುಣ ಇವನ್ನೂ ಸೇರಿಸಿ ನಾನು 70,000 ಎಂದು ಹಿಡಿದೆ. ಉಳಿತಾಯ ಬಳಕೆಯ ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ಇಡೀ ಸ್ಥಾವರದ ಮಾಸಿಕ ಬಿಲ್ಲಿನಲ್ಲಿ ಅದನ್ನು ಹುಡುಕುವುದು ಕಷ್ಟ ಎಂದು ಐಪಿಎಂವಿಪಿ ಪದ್ಧತಿಯೇ ಎಚ್ಚರಿಸುತ್ತದೆ. ನಮ್ಮದು ಶೇಕಡಾ 8. ಸೂತ್ರ ಬಿಗಿಯಾಗಿದ್ದುದರಿಂದ ಮತ್ತು ಒಂದು ವರ್ಷ ಕಾದುದರಿಂದ ಅದು ಕಂಡಿತು. ಅದಕ್ಕೇ ಪಾಲಿನ ಲೆಕ್ಕ ತಿಂಗಳಿಗೊಮ್ಮೆ ಬೇಡ, ವರ್ಷಕ್ಕೊಮ್ಮೆ ಇರಲಿ ಎಂದು ಒಪ್ಪಂದದಲ್ಲಿ ಬರೆಸಿದ್ದೆ.

ದಿನನಿತ್ಯದ ನಿಗಾಕ್ಕೆ ಮಾತ್ರ ವರ್ಷ ಕಾಯಲಾಗುವುದಿಲ್ಲ. ಡೇರಿಯವರು ಮೀಟರಿನ ರೀಡಿಂಗನ್ನು ದಿನವೂ ಬರೆಯುತ್ತಿದ್ದುದರಿಂದ ವಾರದ ಲೆಕ್ಕದ್ದೊಂದು ಸೂತ್ರ ಮಾಡಿ, ಪ್ರತಿ ವಾರದ ಉಳಿತಾಯವನ್ನು ಹಿಂದಿನದಕ್ಕೆ ಕೂಡಿಸುತ್ತಾ ಹೋಗುವ ಕ್ಯೂಸಮ್ ಗೆರೆಯನ್ನು ಕಂಪ್ರೆಸರ್ ರೂಮಿನ ಗೋಡೆಗೆ ಹಚ್ಚಿದೆವು. ಗೆರೆ ಒಂದೇ ಏರಿನಲ್ಲಿ ಹೋಗುತ್ತಿದ್ದರೆ ಎಲ್ಲ ಸರಿಯಿದೆ. ಏರು ತಗ್ಗಿತೆಂದರೆ ಆ ವಾರ ಏನೋ ಬದಲಾಗಿದೆ. ಜುಲೈನಲ್ಲಿ ಏರು ಅರ್ಧಕ್ಕಿಂತ ಕೆಳಗಿಳಿಯಿತು. ಹೋಗಿ ನೋಡಿದರೆ, ವೋಲ್ಟೇಜ್ ಏರಿಳಿತಕ್ಕೆ ಡ್ರೈವ್ ಮತ್ತೆ ಮತ್ತೆ ಟ್ರಿಪ್ ಆಗುತ್ತಿತ್ತು, ರಾತ್ರಿ ಪಾಳಿಯವರು ಹಾಲು ಕೆಡಬಾರದೆಂದು ಅದನ್ನು ಬೈಪಾಸ್‌ಗೆ ಹಾಕಿ, ಕಂಪ್ರೆಸರನ್ನು ಡ್ರೈವ್ ಇಲ್ಲದೆ ನೇರವಾಗಿ ಓಡಿಸಿದ್ದರು. ಅವರು ಮಾಡಿದ್ದು ಸರಿಯೇ, ಹಾಲು ಮೊದಲು. ಆದರೆ ಬೈಪಾಸ್‌ನಲ್ಲಿರುವ ಡ್ರೈವ್ ಯಾರ ಕಣ್ಣಿಗೂ ಬೀಳುವುದಿಲ್ಲ. ಕಂಪ್ರೆಸರ್ ಓಡುತ್ತಿರುತ್ತದೆ, ಹಾಲು ತಣ್ಣಗಿರುತ್ತದೆ, ದೂರುವವರಿಲ್ಲ. ಮಳೆಗಾಲದ ತಂಪಿಗೆ ಬಿಲ್ಲೂ ತಾನಾಗಿ ಇಳಿದಿರುತ್ತದೆ. ಎಷ್ಟೋ ಕಾರ್ಖಾನೆಗಳಲ್ಲಿ ಇಂಥ ಡ್ರೈವ್‌ಗಳು ವರ್ಷಗಟ್ಟಲೆ ಹೀಗೇ ಮಲಗಿರುವುದನ್ನು ಕಂಡು ಸಂಕಟಪಟ್ಟಿದ್ದೇನೆ. ಇಲ್ಲಿ ಆಗಸ್ಟ್ ಮಧ್ಯದೊಳಗೆ ಅದು ರಿಪೇರಿಯಾಯಿತು. ವರ್ಷದ ಒಟ್ಟು ಉಳಿತಾಯ 2,03,000 ಯೂನಿಟ್ ಎಂದು ವರದಿ ಬರೆದು, ಪಕ್ಕದಲ್ಲೇ ಅದೇ ಗಾತ್ರದ ಅಕ್ಷರದಲ್ಲಿ 70,000 ಆಚೆಈಚೆ ಎಂದೂ ಬರೆದೆ.

ಇದೇ ವಿದ್ಯೆ ದೊಡ್ಡ ಪ್ರಮಾಣದಲ್ಲಿ ನಡೆಯುವುದು ರಾಜ್ಯದ ಬೇಡಿಕೆಯ ಅಂದಾಜಿನಲ್ಲಿ. ಆ ಕೆಲಸದಲ್ಲಿರುವ ಗೆಳೆಯನೊಬ್ಬನ ಜೊತೆ ಈ ಡೇರಿಯ ಲೆಕ್ಕವನ್ನು ಆಗಾಗ ಮಾತಾಡುತ್ತಿದ್ದೆ. ಅವರಿಗೆ ದಿನಕ್ಕೆ 96 ಅಂದಾಜುಗಳು ಬೇಕು, ಪ್ರತಿ 15 ನಿಮಿಷಕ್ಕೆ ಒಂದು. ನಿನ್ನೆಯ ಅದೇ ಹೊತ್ತಿನ ಲೋಡು, ಹೋದ ವಾರದ ಅದೇ ದಿನದ ಲೋಡು, ತಾಪಮಾನ, ರಜೆಯೋ ಕೆಲಸದ ದಿನವೋ ಎಲ್ಲವೂ ಅಂಕಣಗಳೇ. ಕರ್ನಾಟಕದಲ್ಲಿ ಇವೆಲ್ಲಕ್ಕಿಂತ ಹಟಮಾರಿ ಅಂಕಣ ಮಳೆ. ಲಕ್ಷಾಂತರ ಕೃಷಿ ಪಂಪ್‌ಸೆಟ್ಟುಗಳಿಗೆ ಮೀಟರಿಲ್ಲ. ಒಂದು ಒಳ್ಳೆಯ ಮಳೆ ಬಿದ್ದರೆ ರೈತರು ಮೋಟಾರು ನಿಲ್ಲಿಸುತ್ತಾರೆ, ಲೋಡು ಧಡಕ್ಕನೆ ಕುಸಿಯುತ್ತದೆ. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತಿ ಒಣ ಆಗಸ್ಟ್. ನಮ್ಮ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ ಅದು. ಆಗಸ್ಟ್ ಎಂದರೆ ಪಂಪ್‌ಸೆಟ್ ಮಲಗಿರುತ್ತವೆ ಎಂದು ಕ್ಯಾಲೆಂಡರ್ ನೋಡಿ ಕಲಿತ ಸೂತ್ರಗಳಿಗೆ ಆ ವರ್ಷ ಅರ್ಥವೇ ಆಗದು. ಮಳೆಯೇ ಅಂಕಣವಾಗಿದ್ದರೆ ತಿಂಗಳು ಯಾವುದಾದರೇನು? ಜಲಾಶಯ ಖಾಲಿಯಿದ್ದ ಆ ಹೊತ್ತಿನಲ್ಲಿ ನೀರಿನಿಂದ ಬರುವ ಕರೆಂಟೂ ಕಡಿಮೆ, ಪಂಪಿಗೆ ಬೇಕಾದದ್ದು ಮಾತ್ರ ಹೆಚ್ಚು. ಒಂದೇ ಕಾರಣ ಎರಡೂ ಕಡೆಯಿಂದ ಹಿಂಡುತ್ತದೆ. ಈಗೀಗ ಸೌರ ವಿದ್ಯುತ್ ಇರುವ ಹಗಲಿಗೇ ಪಂಪ್‌ಸೆಟ್ಟುಗಳ ತ್ರೀಫೇಸ್ ಹೊತ್ತನ್ನು ಸರಿಸಿರುವುದರಿಂದ, ಹಿಂದೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ ಗರಿಷ್ಠ ಬೇಡಿಕೆ ಬೆಳಗಿನ ಹತ್ತು ಹನ್ನೊಂದರ ಕಡೆಗೆ ಬಂದಿದೆ. ಹತ್ತು ವರ್ಷದ ಹಿಂದಿನ ದಾಖಲೆ ಎಷ್ಟೇ ಸ್ವಚ್ಛವಾಗಿದ್ದರೂ ಇಂದಿನ ಆಕಾರವನ್ನು ಅದು ಕಲಿಸಲಾರದು.

ಡೇರಿಗೂ ಒಂದು ಬೇಡಿಕೆಯ ಪ್ರಶ್ನೆ ಇತ್ತು. ಹಾಲು ಹೀಗೇ ಏರಿದರೆ ಒಪ್ಪಂದದ ಕೆವಿಎ, ಅಂದರೆ ವಿದ್ಯುತ್ ಕಂಪನಿಯೊಂದಿಗೆ ಒಪ್ಪಿಕೊಂಡ ಗರಿಷ್ಠ ಲೋಡು, ಸಾಕೇ? ಮೀರಿದರೆ ದಂಡದ ದರ, ಸುಮ್ಮನೆ ಏರಿಸಿಕೊಂಡರೆ ಬಳಸದಿದ್ದರೂ ತಿಂಗಳು ತಿಂಗಳು ಶುಲ್ಕ. ತಿಂಗಳ ಯೂನಿಟ್ಟಿನ ಸೂತ್ರ ಇಲ್ಲಿ ಕೆಲಸಕ್ಕೆ ಬಾರದು, ಅದು ಸರಾಸರಿಯ ಮಾತಾಡುತ್ತದೆ. ದಂಡ ಬೀಳುವುದು ಅತಿ ಕೆಟ್ಟ ಹದಿನೈದು ನಿಮಿಷಕ್ಕೆ. ಮೀಟರಿನೊಳಗೆ ಉಳಿದಿದ್ದ 15 ನಿಮಿಷದ ದಾಖಲೆ ತೆಗೆಸಿ, ದಿನದ ಗರಿಷ್ಠವನ್ನು ಸಂಜೆ ಶಿಫ್ಟಿನ ಹಾಲು ಮತ್ತು ಮಧ್ಯಾಹ್ನದ ತಾಪಕ್ಕೆ ಹೊಂದಿಸಿದೆ. ಇಲ್ಲಿ ನಡುವಿನ ಗೆರೆ ಬೇಡ, ನೂರರಲ್ಲಿ ತೊಂಬತ್ತೈದು ದಿನ ಅದರ ಕೆಳಗೇ ಇರುವಂಥ ಮೇಲಿನ ಗೆರೆ ಬೇಕು, ಅದಕ್ಕೆ ಕ್ವಾಂಟೈಲ್ ರಿಗ್ರೆಶನ್ ಎಂಬ ಬೇರೆಯದೇ ಬಗೆ ಇದೆ. ಆ ಗೆರೆಯ ಮೇಲೆ ಉಳಿದ ದಿನಗಳನ್ನು ಒಂದೊಂದಾಗಿ ಲಾಗ್‌ಬುಕ್ಕಿನಲ್ಲಿ ಹುಡುಕಿದಾಗ, ಬಹುತೇಕ ಎಲ್ಲವೂ ಸಂಜೆ ಹಾಲು ಇಳಿಸಿಕೊಳ್ಳುವ ಹೊತ್ತಿಗೇ ಐಸ್ ಬ್ಯಾಂಕಿಗೂ, ಅಂದರೆ ತಂಪಿಗೆಂದು ಐಸ್ ಕಟ್ಟಿಡುವ ತೊಟ್ಟಿಗೂ, ಕಂಪ್ರೆಸರ್ ಓಡಿಸಿದ ದಿನಗಳಾಗಿದ್ದವು. ಐಸ್ ಕಟ್ಟುವುದನ್ನು ರಾತ್ರಿ ಹತ್ತರ ನಂತರಕ್ಕೆ ಸರಿಸಿದರು. ಕೆವಿಎ ಏರಿಸಿಕೊಳ್ಳುವ ಅರ್ಜಿಯನ್ನು ಸದ್ಯಕ್ಕೆ ಹಿಂದಕ್ಕೆ ತೆಗೆದುಕೊಂಡರು.

ಈಗ ಆ ಡೇರಿಗೆ ಹೊಸ ಮೊಸರಿನ ಘಟಕ ಬರುತ್ತಿದೆ. ಅದಕ್ಕೆ ಬೇರೆ ಮೀಟರ್ ಕೂರಿಸಿ ಒಟ್ಟು ಯೂನಿಟ್ಟಿನಿಂದ ಕಳೆಯುವುದೋ, ಅಥವಾ ಹೊಸ ಅಡಿಪಾಯದ ಅವಧಿಯನ್ನೇ ಹಿಡಿದು ಗುಣಕಗಳನ್ನು ಮತ್ತೆ ಕಟ್ಟುವುದೋ ಎಂದು ಎರಡೂ ಕಡೆಯವರು ಕೂತು ತೀರ್ಮಾನಿಸಬೇಕು. ಹಾಲು 55 ಲಕ್ಷ ಲೀಟರ್ ಮುಟ್ಟುವ ಸೂಚನೆಯೂ ಇದೆ. ಹಳೆಯ 24 ತಿಂಗಳಲ್ಲಿ ಅಷ್ಟು ಹಾಲನ್ನು ಆ ಸೂತ್ರ ಒಮ್ಮೆಯೂ ಕಂಡಿಲ್ಲವಾದ್ದರಿಂದ, ಎರಡನೆಯ ದಾರಿಯೇ ಸರಿ ಎಂದು ನನ್ನ ಅಭಿಪ್ರಾಯ ಬರೆದು ಕೊಟ್ಟಿದ್ದೇನೆ. ಮೊಸರಿನ ಅಂಕಣಕ್ಕೆ ಈ ಸಲ ಜಾಗ ಸಿಗಬಹುದು.